ಕಾರಿನ ಮಾರಿ ಅಂಗಡಿ ಕಡೆಗೆ

ವಾಕರಿನ ಮುಂದಿನ ಎರಡು ಕಾಲುಗಳು ಫುಟ್‌ಪಾಥಿನ ಅಂಚು ದಾಟಿ ಗಾಳಿಯಲ್ಲಿ ನಿಂತಿದ್ದವು. ಹಿಂದಿನವೆರಡು ಇನ್ನೂ ಫರಸಿ ಕಲ್ಲಿನ ಮೇಲೇ ಇದ್ದವು. ಶರಣಬಸಮ್ಮ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೆಳಗೆ ಇಳಿಯಲಾರದೆ, ಹಿಂದಕ್ಕೆ ಸರಿಯಲಾರದೆ ನಡುವೆ ಸಿಕ್ಕಿಬಿದ್ದಿದ್ದಳು. ಎದುರಿಗೆ ಶಾಂತವೀರಪ್ಪನ ಬಿಳಿ ಕಾರು ಫುಟ್‌ಪಾಥ್ ಹತ್ತಿ, ಎತ್ತು ಗೋದಲಿಗೆ ಮುಖ ಇಟ್ಟಂತೆ ಅವನ ಬಟ್ಟೆ ಅಂಗಡಿಗೆ ಮುಖ ಇಟ್ಟು ನಿಂತಿತ್ತು. ಅದರ ಮೂತಿಗೂ ಅಂಗಡಿಯ ಮೆಟ್ಟಿಲಿಗೂ ನಡುವೆ ಬೆಕ್ಕು ದಾಟೀತು, ವಾಕರ್ ಹಿಡಿದ ಹೆಂಗಸು ದಾಟುವಂತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಆಟೊಗಳು, ಆಟೊಗಳ ಸಂದಿಯಲ್ಲಿ ಮೋಟರ್‌ಸೈಕಲ್ಲುಗಳು.

"ನಿಂದ್ರು, ಇಳೀಬ್ಯಾಡ," ಎಂದು ವಿಶ್ವನಾಥಯ್ಯ ಹಿಂದಿನಿಂದ ಹೆಂಡತಿಯ ಭುಜ ಹಿಡಿದ.

"ಇಳೀಲಾರ್ದ ಹಾರ್ಕೋತ ಹೋಗ್ಲೇನು?" ಎಂದಳು ಶರಣಬಸಮ್ಮ.

ಆಟೊದವನೊಬ್ಬ ತಲೆ ಹೊರಗೆ ಹಾಕಿ, "ಆಜೀ, ಬಾಜೂಲಾ ವ್ಹಾ," ಎಂದ. ಅಜ್ಜಿ, ಪಕ್ಕಕ್ಕೆ ಸರಿ ಅಂತ, ಮರಾಠಿಯಲ್ಲಿ. ಸರಿಯುವುದಕ್ಕೆ ಪಕ್ಕ ಎಂಬುದೇ ಇಲ್ಲದ ಜಾಗದಲ್ಲಿ ನಿಂತ ಹೆಂಗಸಿಗೆ ಈ ಮಾತು ಹೇಳುವವನ ಬುದ್ಧಿಗೆ ಏನೆನ್ನಬೇಕು. ವಿಶ್ವನಾಥಯ್ಯ ಒಂದು ಕೈಯಲ್ಲಿ ಅವಳ ರಟ್ಟೆ, ಇನ್ನೊಂದು ಕೈಯಲ್ಲಿ ವಾಕರು ಹಿಡಿದು ಹೇಗೋ ಹಿಂದಕ್ಕೆ ಎಳೆದುಕೊಂಡ. ಅವಳು ಉಸ್ಸೆಂದು ನಿಂತಳು. ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು. ಓಣಿಯ ಬಾಯಿಯಿಂದ ಶಾಂತವೀರಪ್ಪನ ಅಂಗಡಿಯವರೆಗೆ, ಅಷ್ಟೇ. ಅಷ್ಟು ದೂರವನ್ನು ಕೂಸು ಅಂಬೆಗಾಲಿನಲ್ಲಿ ಮುಗಿಸೀತು.

ಮಳೆಗಾಲದಲ್ಲಿ ಶರಣಬಸಮ್ಮ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಿದ್ದಳು. ಲಾತೂರಿನಲ್ಲಿ ಆಪರೇಶನ್ ಆಗಿ ಒಳಗೆ ಕಬ್ಬಿಣ ಕೂತಿತ್ತು. ಆಮೇಲೆ ವ್ಯಾಯಾಮ ಮಾಡಿಸಲಿಕ್ಕೆ ಸ್ವಪ್ನಾಲಿ ಎಂಬ ಹುಡುಗಿ ಸ್ಕೂಟಿಯ ಮೇಲೆ ಬರುತ್ತಿದ್ದಳು. ನಗುಮುಖದ ಹುಡುಗಿ, ಆದರೆ ಹೇಳುವುದನ್ನು ಮುಚ್ಚುಮರೆ ಇಲ್ಲದೆ ಹೇಳುವವಳು. "ಆಜೋಬಾ, ಆಜೀಂನಾ ರೋಜ್ ಚಾಲವಾ. ಸಪಾಟ್ ಜಾಗೇವರ," ಎಂದಿದ್ದಳು. ದಿನಾ ನಡೆಸಬೇಕು, ಅದೂ ಸಪಾಟಾದ ಜಾಗದಲ್ಲಿ. ಈ ಚಳಿಗಾಲದಲ್ಲಿ ಕಾಲು ತಿರುಗಿ ನಡಿಗೆ ಕಲಿತರೆ ಕಲಿತಂತೆ, ಇಲ್ಲವಾದರೆ ಮುಂದೆ ಮಂಚವೇ ಗತಿ. ಮಠದ ಹಿಂದಿನ ಅವರ ಒಂದೂವರೆ ಖೋಲಿಯ ಮನೆಯಲ್ಲಿ ವಾಕರ್ ತಿರುಗಿಸಲಿಕ್ಕೂ ಜಾಗವಿರಲಿಲ್ಲ. ಓಣಿ ನೋಡಿದರೆ ಎದ್ದ ಕಲ್ಲು, ಬಿದ್ದ ಕಲ್ಲು, ನಡುವೆ ಗಟಾರ. ಇದ್ದದ್ದೊಂದೇ ಸಪಾಟು ಜಾಗ: ಉದಗೀರದ ಕಾಪಡ ಲೈನಿನಲ್ಲಿ, ಬಟ್ಟೆ ಅಂಗಡಿಗಳ ಆ ಸಾಲಿನಲ್ಲಿ, ರಸ್ತೆ ಅಗಲ ಮಾಡಿದಾಗ ಎರಡೂ ಬದಿಗೆ ಹಾಸಿದ ಫುಟ್‌ಪಾಥು. ಓಣಿಯ ಬಾಯಿಯಿಂದ ಚೌಕದವರೆಗೆ ಒಂದು ಏರಿಲ್ಲ, ಒಂದು ಇಳಿವಿಲ್ಲ. ಹಪ್ಪಳ ಲಟ್ಟಿಸಬಹುದು, ಹಾಗಿತ್ತು. ಅದರ ಮೇಲೆ ಈಗ ಸಾಲಾಗಿ ಕಾರುಗಳು ಹತ್ತಿ ಕುಳಿತಿದ್ದವು.

ಆ ಕಾರುಗಳ ಮೇಲೆ ವಿಶ್ವನಾಥಯ್ಯನಿಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ನಾಚಿಕೆಯೂ ಇತ್ತು. ಅದರ ಕಾರಣ ಅವನೊಬ್ಬನಿಗೇ ಗೊತ್ತು. ಶರಣಬಸಮ್ಮನಿಗೂ ಗೊತ್ತೆನ್ನಿ, ಅವಳಿಂದ ಮುಚ್ಚಿಟ್ಟದ್ದೆಂಬುದು ಅವನ ಸಂಸಾರದಲ್ಲಿ ಯಾವುದೂ ಉಳಿದಿರಲಿಲ್ಲ.

ಕಾಪಡ ಲೈನಿನ ವ್ಯಾಪಾರಿಗಳ ಮನೆಗಳಿಗೆ ಅವನದು ಅಪ್ಪನ ಕಾಲದಿಂದ ಬಂದ ಅಯ್ಯತನ. ಹೆಸರಿಡುವುದು, ಲಿಂಗ ಕಟ್ಟುವುದು, ಮದುವೆ, ಮಣ್ಣು, ಎಲ್ಲಕ್ಕೂ ಅವನೇ. ಅಪ್ಪ ಬಂಡಿಗಳಿಗೆ, ಲೂನಾಗಳಿಗೆ ವಿಭೂತಿ ಹಚ್ಚಿದ್ದರೆ ಇವನು ಕಾರುಗಳಿಗೆ ಹಚ್ಚಿದ. ವಲಾಂಡಿಯಿಂದ ಕಾಸಾರಶಿರಸಿಯವರೆಗೆ ಯಾರು ಹೊಸ ಗಾಡಿ ತಂದರೂ ವಿಶ್ವನಾಥಯ್ಯ ಅದರ ಹಣೆಗೆ ಮೂರು ಬೆರಳು ಎಳೆಯದೆ ಅದು ಹಾದಿ ಹಿಡಿಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಯುಗಾದಿ ಪಾಡ್ಯದ ದಿನ ಶಾಂತವೀರಪ್ಪ ಇದೇ ಬಿಳಿ ಕಾರು ತಂದು ರಸ್ತೆಯ ಮೇಲೆ ನಿಲ್ಲಿಸಿದ. ಬಿಸಿಲು ನೆತ್ತಿಗೆ ಬಂದಿತ್ತು. ಪೂಜೆ ಅಂದಮೇಲೆ ಬರಿಗಾಲು. ಡಾಂಬರು ಹಂಚಿನ ಹಾಗೆ ಕಾದಿತ್ತು. ಶಾಂತವೀರಪ್ಪನ ಮಗ ರವಿಕಾಂತ ಲಿಂಬಿಹಣ್ಣು ತರಲಿಕ್ಕೆ ಹೋದವನು ಬರಲೇ ಇಲ್ಲ. ವಿಶ್ವನಾಥಯ್ಯ ಒಂದು ಕಾಲೆತ್ತಿ ಒಂದು ಕಾಲೂರಿ ನಿಂತು ನೋಡಿದ. ಕೊನೆಗೆ, "ಗಾಡಿ ಮ್ಯಾಲ ಹತ್ಸು. ಅಂಗಡಿ ಮುಂದ ನೆಳ್ಳಾಗ ಹಚ್ಚು," ಎಂದ.

"ಯಾಕ್ರಿ ಅಯ್ಯಾರ?" ಎಂದು ಕೇಳಿದ ಶಾಂತವೀರಪ್ಪ. ಕೇಳಬಾರದಿತ್ತು ಪುಣ್ಯಾತ್ಮ.

ಪೂಜೆಗೆ ನಿಂತ ಅಯ್ಯ ನನ್ನ ಅಂಗಾಲು ಸುಡುತ್ತಿದೆ ಎನ್ನುವುದುಂಟೆ? ಸುತ್ತ ಜನ ಬೇರೆ. ವಿಶ್ವನಾಥಯ್ಯ ಬಾಯಿಗೆ ಬಂದದ್ದನ್ನು ಹೇಳಿದ: "ಲಕ್ಷ್ಮಿ ಅಂಗಡ್ಯಾಗ ಕುಂತಾಳ. ಗಾಡಿ ಮಾರಿ ಆಕಿ ಕಡಿ ಇರ್ಲಿ. ಬೆನ್ನು ತೋರಸಬಾರ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷ ಮದುವೆಗಳು ಹೆಚ್ಚು, ಸೀರೆಗಳು ಹೆಚ್ಚು ಹೋದವು. ಅದಕ್ಕೆ ಮುಹೂರ್ತಗಳು ಕಾರಣ ಎಂದು ಯಾರೂ ಅನ್ನಲಿಲ್ಲ. ಕಾರಿನ ಮಾರಿ ಕಾರಣ ಎಂದರು. ಶಾಂತವೀರಪ್ಪ ಅಂದಿನಿಂದ ಕಾರನ್ನು ಬೇರೆ ಕಡೆ ನಿಲ್ಲಿಸಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಗುರಣ್ಣ ತನ್ನ ಕಾರನ್ನೂ ಹತ್ತಿಸಿದ. ಆಮೇಲೆ ಭಾಂಡೆ ಪಾತ್ರೆಯ ಅಂಗಡಿಯವನು, ಆಮೇಲೆ ಚಪ್ಪಲಿ ಅಂಗಡಿಯವನು. ಈ ಅಯ್ಯನಿಗೂ ತಮಗೂ ಸಂಬಂಧವೇ ಇಲ್ಲದ ಮರಾಠಿ ಮಂದಿಯೂ "ದುಕಾನಾಕಡೇ ತೋಂಡ್" ಎಂದು, ಅಂಗಡಿ ಕಡೆಗೆ ಮುಖ ಅಂತ, ಗಾಡಿ ಏರಿಸಿದರು. ಮೊದಮೊದಲು ವಿಶ್ವನಾಥಯ್ಯನಿಗೆ ಒಳಗೊಳಗೇ ನಗು ಬರುತ್ತಿತ್ತು, ಸ್ವಲ್ಪ ಹೆಮ್ಮೆಯೂ. ಹೆಂಡತಿಯ ಎಲುಬು ಮುರಿಯುವವರೆಗೆ ಅವನಾದರೂ ಫುಟ್‌ಪಾಥನ್ನು ಸರಿಯಾಗಿ ನೋಡಿದ್ದನೆ? ಗಟ್ಟಿ ಕಾಲಿನವನಿಗೆ ಎಲ್ಲ ಕಡೆಯೂ ಹಾದಿಯೇ.

ವಾಕರ್ ಸಿಕ್ಕಿಬಿದ್ದ ಮರುದಿನ ಅವನು ಶಾಂತವೀರಪ್ಪನ ಅಂಗಡಿಗೆ ಹೋದ. ಶಾಂತವೀರಪ್ಪ ಗಾದಿಯಿಂದ ಎದ್ದು ಕಾಲು ಮುಟ್ಟಿದ, ಅಯ್ಯನನ್ನು ಗಾದಿಯ ಮೇಲೆ ಕೂಡಿಸಿ ತಾನು ಕೆಳಗೆ ಕುಳಿತ, ಚಹಾ ತರಿಸಿದ. ಭಕ್ತಿಯಲ್ಲಿ ಒಂದು ಗುಲಗಂಜಿ ಕಡಿಮೆ ಇರಲಿಲ್ಲ.

"ಶಾಂತವೀರಪ್ಪ, ಒಂದು ಮಾತು ಕೇಳ್ಬೇಕಾಗಿತ್ತು," ಎಂದ ವಿಶ್ವನಾಥಯ್ಯ. "ನಮ್ಮಾಕಿಗಿ ದಿನಾ ನಡೀರಿ ಅಂತ ಹೇಳ್ಯಾರ. ನಿನ್ನ ಗಾಡಿ ಜರಾ ಈ ಕಡಿ ತಗದ್ರ..."

"ಅಮ್ಮಾರು ಹೆಂಗ ಅದಾರ್ರಿ ಈಗ?"

"ನಡದ್ರ ಛಲೋ ಆಗ್ತಾಳ. ನಡೀಲಾಕ ಜಾಗಾ ಇಲ್ಲ. ಅದ್ಕೇ ಬಂದೀನಿ."

ಶಾಂತವೀರಪ್ಪನ ಮುಖ ಕರಗಿತು. "ಅಯ್ಯಾರ, ಅಷ್ಟಕ್ಕ ನೀವು ಬರ್ಬೇಕೇನ್ರಿ? ಒಂದ್ ಫೋನ್ ಹಚ್ರಿ. ಅಮ್ಮಾರು ಎಲ್ಲಿ ಹೋಗ್ತೀನಿ ಅಂತಾರ ಅಲ್ಲಿ ನಮ್ಮ ರವಿ ಕಾರನ್ಯಾಗ ಬಿಟ್ಟು ಬರ್ತಾನ. ಅವರು ಹೆಜ್ಜಿ ಕೆಳಗ ಇಡೋದು ಬ್ಯಾಡ."

"ಹೆಜ್ಜಿ ಇಡ್ಬೇಕಾಗ್ಯಾದಪ್ಪ ಆಕಿ."

"ಇಲ್ಲ್ರಿ, ಈ ವಯಸ್ಸಿನ್ಯಾಗ ತ್ರಾಸು ಯಾಕ?"

ವಿಶ್ವನಾಥಯ್ಯ ಚಹಾದ ಕಪ್ಪನ್ನು ಕೆಳಗಿಟ್ಟ. ನಡೆಯಲಿಕ್ಕೆ ದಾರಿ ಕೇಳಿದವನಿಗೆ ಕಾರು ಕೊಡುತ್ತೇನೆ ಎನ್ನುವವನ ಎದುರು ಇನ್ನೇನು ಕೇಳುವುದು. ಆದರೂ ಕೇಳಿದ: ಗಾಡಿಯನ್ನು ಹಳೇ ಬಂಡಿ ಅಡ್ಡಾದಲ್ಲಿ ನಿಲ್ಲಿಸಿದರೆ ಆಗದೆ? ಖಾಲಿ ಬಿದ್ದ ಜಾಗ. ಶಾಂತವೀರಪ್ಪ ನಕ್ಕ, ದೊಡ್ಡವರ ಮುಂದೆ ನಗುವ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟು. "ನಿಮ್ಮ ಮಾತು ನೀವೇ ಮುರೀತೀರೇನ್ರಿ ಅಯ್ಯಾರ? ಮಾರಿ ಅಂಗಡಿ ಕಡಿ ಇರ್ಲಿ ಅಂದವ್ರು ನೀವು. ನಿಮ್ಮ ಮಾತು ಮೀರಿ ನಾ ಹೆಂಗ ಬದುಕ್ಲಿ?" ಎಂದು ಮತ್ತೊಮ್ಮೆ ಕಾಲು ಮುಟ್ಟಿದ. ವಿಶ್ವನಾಥಯ್ಯನಿಗೆ ಆ ಕಾಲನ್ನು ಹಿಂದಕ್ಕೆಳೆದುಕೊಳ್ಳುವಷ್ಟು ಸಿಟ್ಟು ಬಂತು. ಎಳೆದುಕೊಳ್ಳಲಿಲ್ಲ.

ಅದೇ ವಾರ ನಗರ ಪರಿಷದ್ದಿನಿಂದ ಕಾಗದ ಬಂತು. ವ್ಯಾಪಾರಿಗಳೆಲ್ಲ ಮಠದ ಪಡಸಾಲೆಯಲ್ಲಿ ಕೂಡಿದರು. ವಿಶ್ವನಾಥಯ್ಯನಿಗೂ ಬುಲಾವು ಬಂತು. ಅವನನ್ನು ಕಂಬಕ್ಕೆ ಒರಗಿಸಿ ಕಂಬಳಿಯ ಮೇಲೆ ಕೂಡಿಸಿದರು. ರವಿಕಾಂತ ಮರಾಠಿಯ ಕಾಗದ ಓದಿ ಅದನ್ನು ಕನ್ನಡದಲ್ಲಿ ಹೇಳಿದ.

"ಮುಂದಿನ ತಿಂಗಳಿಂದ ಫುಟ್ಪಾತ್ ಮ್ಯಾಲ ಗಾಡಿ ಹಚ್ಚೋದು ಬಂದ್ ಮಾಡೋ ವಿಚಾರ ಅದ ಅಂತ. ನಮ್ಮದು ಏನರೆ ಹರಕತ್, ತಕರಾರು ಇದ್ರ ಬರ್ದು ಕೊಡ್ರಿ ಅಂದಾರ."

ವಿಶ್ವನಾಥಯ್ಯನ ಎದೆ ಒಮ್ಮೆ ಹಗುರಾಯಿತು. ತಾನು ಕೇಳಿ ಆಗದ್ದನ್ನು ಸರ್ಕಾರ ಮಾಡಿಕೊಡುತ್ತದೆ. ತಾನು ಯಾರ ಬಾಯಿಗೂ ಬೀಳಬೇಕಾಗಿಲ್ಲ.

"ಬಂದ್ ಮಾಡಿದ್ರ ಗಾಡಿ ತಲಿ ಮ್ಯಾಲ ಹೊತ್ಕೊಂಡು ಕುಂದರ್ಬೇಕೇನು?" ಎಂದ ಗುರಣ್ಣ.

"ಬಂಡಿ ಅಡ್ಡಾ ಅದಲ್ಲ," ಎಂದ ಯಾರೋ ಒಬ್ಬ.

"ಅಲ್ಲಿಂದ ಇಲ್ಲಿತನ ಯಾರು ನಡೀಬೇಕೋ ಮಾರಾಯ, ಬಿಸಲಾಗ?"

ಎಲ್ಲರೂ ಹೌದು ಹೌದೆಂದರು. ಬಂಡಿ ಅಡ್ಡಾ ಎಂದರೆ ಒಬ್ಬ ಮನುಷ್ಯ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಬಾಗಿಲ ಹತ್ತಿರ ನಿಂತಿದ್ದ ಸಾರಿಕಾ, ಅದೇ ಲೈನಿನಲ್ಲಿ ಬ್ಲೌಸ್ ಹೊಲಿಯುವವಳು, "ನಮ್ಮ ಪಾರಗೋಳು ಶಾಲಿಗಿ ಟ್ರಕ್ಕಿನ ನಡುವ ಹೋಗ್ತಾವ್ರಿ. ಬಂದ್ ಆದ್ರ ಛಲೋ ಆಗ್ತದ," ಎಂದಳು. "ನಿಂದೇನು ಅಂಗಡಿ ಅದ ಏನವ್ವಾ? ಸುಮ್ಕ ಕೂಡು," ಎಂದರು ಯಾರೋ. ಅವಳು ಕೂಡಲಿಲ್ಲ, ಹೊರಟು ಹೋದಳು. ಗಿರಾಕಿ ಅಂಗಡಿ ಮುಂದೆ ಇಳಿಯದೆ ಇದ್ದರೆ ಮೊಬೈಲಿನಲ್ಲಿ ಬಟ್ಟೆ ತರಿಸಿಕೊಳ್ಳುತ್ತಾನೆ ಎಂದು ಒಬ್ಬ ಹೇಳಿದ. ಅದು ಸುಳ್ಳೆನ್ನುವಂತೆಯೂ ಇರಲಿಲ್ಲ. ಆದರೆ ಫುಟ್‌ಪಾಥಿನ ಮೇಲೆ ನಿಂತವು ಗಿರಾಕಿಯ ಗಾಡಿಗಳಲ್ಲ, ಮಾಲಕರ ಗಾಡಿಗಳು ಎಂದು ಯಾರೂ ನೆನಪು ಮಾಡಿಕೊಳ್ಳಲಿಲ್ಲ.

ಕೊನೆಗೆ ಶಾಂತವೀರಪ್ಪ ಎದ್ದು ನಿಂತ. "ಧಂದಾದ ಮಾತು ಬರದ್ರ ಅವ್ರು ಕೇಳೋದಿಲ್ಲ. ನಮ್ಮ ಹರಕತ್ತು ಧರ್ಮದ್ದು ಅದ. ಗಾಡಿ ಮಾರಿ ಅಂಗಡಿ ಕಡಿ ಇರ್ಬೇಕು ಅಂತ ಶಾಸ್ತ್ರ ಅದ. ಹೇಳ್ದವ್ರು ಇಲ್ಲೇ ಕುಂತಾರ. ಅಯ್ಯಾರು ಎರಡ ಮಾತು ಹೇಳ್ಲಿ, ರವಿ ಬರ್ಕೋತಾನ."

ಇಡೀ ಪಡಸಾಲೆ ಅವನ ಕಡೆ ತಿರುಗಿತು. ವಿಶ್ವನಾಥಯ್ಯ ಕಂಬ ಹಿಡಿದು ಎದ್ದ. ಈ ಮನೆಗಳ ಮೇಲೆ ಅವನ ಅನ್ನ ನಿಂತಿತ್ತು, ಅವನ ಮಾತಿನ ಮೇಲೆ ಅವನ ಮರ್ಯಾದೆ ನಿಂತಿತ್ತು. ಎರಡನ್ನೂ ಒಟ್ಟಿಗೆ ತೂಗಿ ನೋಡಿದ. ಇನ್ನೊಂದು ಕಡೆ ಫುಟ್‌ಪಾಥಿನ ಅಂಚಿನಲ್ಲಿ ಗಾಳಿಗೆ ನಿಂತ ವಾಕರಿತ್ತು.

"ಅದು ಶಾಸ್ತ್ರ ಅಲ್ಲಪ್ಪ," ಎಂದ. "ಯಾವ ಶಾಸ್ತ್ರದಾಗೂ ಇಲ್ಲ. ಅವತ್ತು ನನ್ನ ಅಂಗಾಲು ಸುಡ್ಲಕತ್ತಿದ್ವು. ನೆಳ್ಳಿಗಿ ಬರ್ಬೇಕಾಗಿತ್ತು. ಹಂಗಂತ ಹೇಳ್ಲಾಕ ನಾಚಿಕಿ ಬಂತು, ಬಾಯಿಗಿ ಬಂದದ್ದು ಹೇಳ್ದೆ. ತಪ್ಪು ನಂದು. ಪರಿಷದ್ದಿನವರು ಬಂದ್ ಮಾಡ್ತಾರಂದ್ರ ಮಾಡ್ಲಿ. ನಿಮ್ಮ ನಿಮ್ಮ ಗಾಡಿ ತಗೀರಿ."

ಈಗ ಯಾರಾದರೂ ಬೈಯುತ್ತಾರೆ ಎಂದು ವಿಶ್ವನಾಥಯ್ಯ ಕಾದ. ಬೈದರೆ ಒಳ್ಳೆಯದಿತ್ತು. ಗುರಣ್ಣ ತಲೆ ಕೆರೆದುಕೊಂಡು, ಬಹಳ ವಿನಯದಿಂದ ಕೇಳಿದ.

"ಅಯ್ಯಾರ, ಇಷ್ಟು ವರ್ಷ ಬಿಸಲಾಗ ನಿಂತು ಪೂಜಾ ಮಾಡೀರಿ. ಮೊದ್ಲು ಎಂದಾದ್ರೂ ನೆಳ್ಳಾಗ ಹಚ್ರಿ ಅಂದೀರೇನು?"

"ಇಲ್ಲ."

"ಕಾಲು ಅವಾಗೂ ಸುಡ್ತಿದ್ವಲ್ಲ?"

"ಸುಡ್ತಿದ್ವು."

"ಮತ್ತ ಅವತ್ತೇ ಯಾಕ ಅಂದ್ರಿ? ಅಂದವ್ರು ನೀವಲ್ರಿ ಅಯ್ಯಾರ. ಅನ್ಸಿದಾಕಿ ಆಕಿ," ಎಂದು ಗುರಣ್ಣ ಮೇಲೆ ತೋರಿಸಿದ. "ನಿಮ್ಮ ಕಾಲು ಸುಟ್ಟು ನಮಗ ಹಾದಿ ತೋರಿಸ್ಯಾಳ."

ಪಡಸಾಲೆಯ ತುಂಬ ತಲೆಗಳು ಅಲ್ಲಾಡಿದವು. ಒಬ್ಬಿಬ್ಬರು ಕೈ ಮುಗಿದರು. "ದೊಡ್ಡವರು ಹಿಂಗೇ," ಎಂದ ಶಾಂತವೀರಪ್ಪ, "ತಮ್ಮ ಬಾಯಾಗ ಬಂದ ಮಾತು ತಮ್ಮದಲ್ಲ ಅಂತಾರ. ರವಿ, ಬರ್ಕೋ."

"ನಾ ಖರೇ ಹೇಳ್ಲಕತ್ತೀನಿ," ಎಂದ ವಿಶ್ವನಾಥಯ್ಯ.

"ನಮಗ ಗೊತ್ತದ್ರಿ ಅಯ್ಯಾರ, ನೀವು ಖರೇನೇ ಹೇಳ್ತೀರಿ," ಎಂದರು ಎಲ್ಲರೂ.

ಸುಳ್ಳು ಹೇಳಿದವನು ನಿಜ ಹೇಳಿದಾಗ ಯಾರೂ ನಂಬುವುದಿಲ್ಲ ಎಂಬ ಮಾತಿದೆ. ವಿಶ್ವನಾಥಯ್ಯನಿಗೆ ಆದದ್ದು ಅದಕ್ಕಿಂತ ಕಡೆ. ಅವರು ಅವನ ಸುಳ್ಳನ್ನು ನಂಬಿದ್ದೂ ಅಲ್ಲದೆ ನಿಜವನ್ನೂ ತಂದು ಅದರ ಪಕ್ಕದಲ್ಲಿಟ್ಟು ಕೈ ಮುಗಿದರು. ಅವನು ಚಪ್ಪಲಿ ಮೆಟ್ಟಿ ಹೊರಗೆ ಬಂದ. ಅವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಅವರ ಮೇಲಲ್ಲ, ತನ್ನ ನಾಲಿಗೆಯ ಮೇಲೆ.

ಶರಣಬಸಮ್ಮ ಮಂಚದ ಮೇಲೆ ಕುಳಿತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮುರಿದ ಬದಿಯ ಕಾಲು ಇನ್ನೊಂದಕ್ಕಿಂತ ಸಣ್ಣಗಾಗಿದ್ದು ಈಗ ಯಾರಿಗೂ ಕಾಣುವಂತಿತ್ತು. ಅವನು ಮಠದಲ್ಲಿ ನಡೆದದ್ದನ್ನೆಲ್ಲ ಹೇಳಿದ. ಗುರಣ್ಣನ ಮಾತು ಬಂದಾಗ ಅವಳು ಎಣ್ಣೆ ಬಟ್ಟಲು ಕೆಳಗಿಟ್ಟು ನಕ್ಕಳು. ಬಹಳ ದಿನಗಳಿಂದ ಹಾಗೆ ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ನಿಮ್ಮ ಕಾಲು ಸುಟ್ಟದ್ದು ಲಕ್ಷ್ಮಿ ಸುಟ್ಟಾಳ. ನನ್ನ ಟೊಂಕ ಮುರದಾಕಿ ಯಾವ ದೇವ್ರು ಅಂತ ಕೇಳ್ಕೊಂಡು ಬರ್ಬೇಕಾಗಿತ್ತು."

"ದಿನಾ ಆಟೊದಾಗ ಕಿಲ್ಲೆ ಕಡಿ ಮೈದಾನಕ್ಕ ಹೋಗಮಿ."

"ಆಟೊ ಹತ್ತಿ ಇಳ್ಯಾದ್ರಾಗೇ ನನ್ನ ಜೀವಾ ಹೋಗ್ತದ. ಅಲ್ಲಿ ಮೈದಾನದಾಗ ಕಲ್ಲು ಎಣಸ್ಕೋತ ನಡೀಲೇನು?" ಅವಳು ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡಳು, ಬೇರೆ ಯಾರದೋ ವಸ್ತು ಎತ್ತಿಟ್ಟ ಹಾಗೆ. "ನಂಗ ಹೆದ್ರಿಕಿ ಆಗ್ಲಕತ್ತದ. ಈ ಕಾಲು ದಿನಾ ಜರಾ ಜರಾ ಪರದೇಶಿ ಆಗ್ಲಕತ್ತದ. ಒಂದಿನ ಕರದ್ರೂ ಓ ಅನ್ನಲ್ಲ ಅದು."

ಮದುವೆಯಾಗಿ ಬಂದಾಗಿನಿಂದ ಅವಳು ಹೆದರಿಕೆ ಎಂಬ ಮಾತು ಆಡಿದ್ದನ್ನು ಅವನು ಕೇಳಿರಲಿಲ್ಲ. ಹಾವು ಹೊಕ್ಕ ಕಟ್ಟಿಗೆ ಖೋಲಿಗೆ ತಾನೇ ಕಂದೀಲು ಹಿಡಿದು ಹೋದ ಹೆಂಗಸು. ಅವನು ಬಟ್ಟಲು ತೆಗೆದುಕೊಂಡು ಅವಳ ಕಾಲಿಗೆ ಎಣ್ಣೆ ಹಚ್ಚಿದ. ಅವಳು ಬೇಡ ಅನ್ನಲಿಲ್ಲ, ಅದು ಅವನನ್ನು ಇನ್ನಷ್ಟು ಅಂಜಿಸಿತು.

ಬೆಳಿಗ್ಗೆ ಅವನು ಪೂಜೆ ಮುಗಿಸಿ ಏಳುವಷ್ಟರಲ್ಲಿ ಅವಳು ಸೀರೆ ಉಟ್ಟು, ಹಣೆ ತುಂಬ ವಿಭೂತಿ ಎಳೆದುಕೊಂಡು, ವಾಕರ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ನಡೀರಿ," ಎಂದಳು. ಎಲ್ಲಿಗೆ ಎಂದು ಅವನು ಕೇಳಿದ. "ಚೌಕಕ್ಕ," ಎಂದಳು.

ಓಣಿಯನ್ನು ಅವನ ತೋಳು ಹಿಡಿದು ದಾಟಿದಳು. ಫುಟ್‌ಪಾಥ್ ಹತ್ತಿದಮೇಲೆ ತೋಳು ಬಿಟ್ಟಳು. ವಾಕರ್ ಮುಂದಿಡುವುದು, ಕಾಲೆಳೆಯುವುದು, ಮತ್ತೆ ವಾಕರ್ ಮುಂದಿಡುವುದು. ಅಂಗಡಿಗಳ ಶಟರುಗಳು ಆಗತಾನೇ ಏಳುತ್ತಿದ್ದವು, ಮೆಟ್ಟಿಲಿಗೆ ನೀರು ಹೊಡೆಯುತ್ತಿದ್ದರು. ಬಿಳಿ ಕಾರು ತನ್ನ ಜಾಗದಲ್ಲಿತ್ತು. ಮೂತಿಯ ಮೇ‌ಲೆ ಹೊಸ ಚೆಂಡುಹೂವಿನ ಮಾಲೆ ಬಿದ್ದಿತ್ತು. ಶರಣಬಸಮ್ಮ ಅದರ ಹೊಟ್ಟೆಗೆ ವಾಕರ್ ತಾಗುವಷ್ಟು ಹತ್ತಿರ ಹೋಗಿ ನಿಂತುಬಿಟ್ಟಳು. ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ರವಿಕಾಂತ ಊದುಬತ್ತಿ ಹಚ್ಚುತ್ತಿದ್ದವನು ಹೊರಗೆ ಬಂದ. "ಅಮ್ಮಾರ, ಜರಾ ಕೆಳಗಿಂದ ಹೋಗ್ರಿ. ನಾ ಕೈ ಹಿಡೀತೀನಿ."

"ಕೆಳಗ ಇಳೀಬಾರ್ದಪ್ಪ ನಾ."

"ಯಾಕ್ರಿ?"

ಅಷ್ಟರಲ್ಲಿ ಶಾಂತವೀರಪ್ಪನೂ ಬಂದ. ಶರಣಬಸಮ್ಮ ತಂದೆ ಮಗ ಇಬ್ಬರನ್ನೂ ನೋಡಿ, ಅಡುಗೆಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುವಷ್ಟು ಸರಾಗವಾಗಿ ಹೇಳಿದಳು. "ಅಯ್ಯಾರು ಪೂಜಿ ಮ್ಯಾಲ ಕುಂತಾಗ ಹೇಳ್ಯಾರ. ಈ ಕಾಲು ತಿರುಗಿ ಬರೋತನ ಒಂದು ನೇಮ ಅದ. ನಡೀಬೇಕಾದ್ರ ಫರಸಿ ಬಿಟ್ಟು ಕೆಳಗ ಇಳೀಬಾರ್ದು. ಯಾರ ಅಂಗಡಿ ಮುಂದ ನಾ ಇಳೀತೀನಿ, ಅವರ ಅಂಗಡಿ ಲಕ್ಷ್ಮೀನೂ ಇಳೀತಾಳಂತ."

ಶಾಂತವೀರಪ್ಪನ ಮುಖದ ಬಣ್ಣ ತಿರುಗಿತು. ಅವನು ಹೆಂಗಸಿನ ಹಿಂದೆ ನಿಂತ ಅಯ್ಯನನ್ನು ನೋಡಿದ. "ಹೌದೇನ್ರಿ ಅಯ್ಯಾರ?"

ವಿಶ್ವನಾಥಯ್ಯನಿಗೆ ಇದೆಲ್ಲ ಹೊಸದು. ಪೂಜೆಯಲ್ಲಿ ಅವನು ಗಂಟೆ ಬಾರಿಸಿದ್ದು ಬಿಟ್ಟರೆ ಬಾಯಿ ಬಿಚ್ಚಿರಲಿಲ್ಲ. ನಿನ್ನೆ ಇದೇ ಜನರ ಮುಂದೆ ತನ್ನ ಮಾನ ಬಿಚ್ಚಿಟ್ಟು ನಿಜ ಹೇಳಿದ್ದ; ಇನ್ನು ಸಾಯುವವರೆಗೆ ಬಾಯಿಗೆ ಬಂದದ್ದನ್ನು ಹೇಳುವುದಿಲ್ಲ ಎಂದು ರಾತ್ರಿ ಹಾಸಿಗೆಯಲ್ಲಿ ಲಿಂಗ ಮುಟ್ಟಿ ಅಂದುಕೊಂಡಿದ್ದ. ಶರಣಬಸಮ್ಮ ತಿರುಗಿ ನೋಡಲಿಲ್ಲ. ಅವಳ ಹೆಗಲು ಮಾತ್ರ ಕಾಣುತ್ತಿತ್ತು. ಹಿಡಿಕೆಯ ಮೇಲಿನ ಬೆರಳುಗಳು ಬಿಳಿಚಿಕೊಂಡಿದ್ದವು.

"ಹೌದು," ಎಂದ. ಪೂಜೆಗೆ ನಿಂತಾಗ ಬರುವ ದೊಡ್ಡ ದನಿಯಲ್ಲೇ ಬಂತು ಅದು, ಎಲ್ಲಿಯೂ ತಡವರಿಸಲಿಲ್ಲ.

"ಅಪ್ಪಾ, ನಿನ್ನೆ ಅಯ್ಯಾರೇ ಅಂದ್ರಲ್ಲ, ಎಲ್ಲಾ ಬಾಯಿಗಿ ಬಂದದ್ದು ಅಂತ," ಎಂದ ರವಿಕಾಂತ. ಹುಡುಗನಿಗೆ ನಗು ಬರುತ್ತಿತ್ತು.

"ಸುಮ್ಕಿರು. ಗಾಡಿ ತಗಿ ಮೊದ್ಲು," ಎಂದ ಶಾಂತವೀರಪ್ಪ.

ಕಾರು ಬೀಪ್ ಬೀಪ್ ಅನ್ನುತ್ತ ಹಿಂದಕ್ಕೆ ಇಳಿಯಿತು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಹಾರ್ನ್ ಹೊಡೆದರು. ಶಾಂತವೀರಪ್ಪ ಮೆಟ್ಟಿಲ ಮೇಲೆ ನಿಂತು ಒಳಗಿನ ಲಕ್ಷ್ಮಿಯ ಫೋಟೊದ ಕಡೆ ಒಮ್ಮೆ, ಶರಣಬಸಮ್ಮನ ಕಡೆ ಒಮ್ಮೆ ಕೈ ಮುಗಿದ. ಅವಳ ಎದುರು ಈಗ ಒಂದು ಅಂಗಡಿಯಷ್ಟು ಅಗಲದ ಖಾಲಿ ಫರಸಿ ಇತ್ತು. ಟಾಯರಿನ ಕರೇ ಗುರುತು, ಎಣ್ಣೆಯ ಕಲೆ, ಎಂದೋ ಒಡೆದ ಕಾಯಿಯ ಚಿಪ್ಪು. ಅವಳು ವಾಕರ್ ಎತ್ತಿ ಅದರ ಮೇಲಿಟ್ಟಳು. ವಿಶ್ವನಾಥಯ್ಯ ಅವಳ ಹಿಂದೆ ಹಿಂದೆ ನಡೆದ. ನಿಜ ಹೇಳಿ ಒಂದು ಗೇಣು ಜಾಗ ಸಿಗದವನಿಗೆ ಸುಳ್ಳಿನಿಂದ ಇಷ್ಟು ಸಿಕ್ಕಿತ್ತು. ಅವನಿಗೆ ಸಂತೋಷವಾಗಲಿಲ್ಲ ಎಂದರೆ ಅದೂ ಸುಳ್ಳಾದೀತು. ಅವಳು ಶಾಂತವೀರಪ್ಪನ ಅಂಗಡಿ ದಾಟಿದಾಗ, ಬಿದ್ದಂದಿನಿಂದ ಅವಳು ಹೋಗದಷ್ಟು ದೂರ ಬಂದಿದ್ದಳು.

ಗುರಣ್ಣನ ಅಂಗಡಿ ಮುಂದೆ ಗುರಣ್ಣನ ಕಾರು. ಶರಣಬಸಮ್ಮ ಅದರ ಎದುರೂ ಹಾಗೆಯೇ ವಾಕರ್ ಊರಿ ನಿಂತಳು. ಸುದ್ದಿ ಆಗಲೇ ಮುಂದೆ ಓಡಿತ್ತು. ಗುರಣ್ಣ ಜೇಬು ತಡವಿಕೊಳ್ಳುತ್ತ ಹೊರಗೆ ಬಂದ.

"ಅಮ್ಮಾರ, ನೀವು ಬಿಲ್ಕುಲ್ ಇಳೀಬ್ಯಾಡ್ರಿ. ಕೀಲಿ ನಮ್ಮಾಕಿ ಮನಿಗಿ ಒಯ್ದಾಳ. ಈಗ ತರಸ್ತೀನಿ. ಜರಾ ಹಿಂಗೇ ನಿಂದ್ರಿ."

ಅವನು ಫೋನು ಹಚ್ಚಿದ. ಆ ಕಡೆಯಿಂದ ಯಾರೂ ಎತ್ತಲಿಲ್ಲ, ಮತ್ತೆ ಹಚ್ಚಿದ. ಹಿಂದೆ ಇಂಜಿನ್ ಗುರುಗುಟ್ಟಿತು. ವಿಶ್ವನಾಥಯ್ಯ ತಿರುಗಿ ನೋಡಿದ. ರವಿಕಾಂತ ಬಿಳಿ ಕಾರನ್ನು ರಸ್ತೆಯಿಂದ ಓರೆ ಮಾಡಿ, ಫುಟ್‌ಪಾಥಿನ ಅಂಚು ಹತ್ತಿಸಿ, ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸಿದ. ಅಂಗಡಿಯ ಮೆಟ್ಟಿಲಿಗೂ ಮೂತಿಗೂ ನಡುವೆ ಮೊದಲಿನಷ್ಟೇ ಸಂದಿ ಉಳಿಯಿತು. ಶಾಂತವೀರಪ್ಪ ಮಾಲೆ ಸರಿಪಡಿಸಿ ಒಳಗೆ ಹೋದ.

"ಏನಾತು?" ಎಂದಳು ಶರಣಬಸಮ್ಮ, ಕತ್ತು ಹೊರಳಿಸಲಾಗದೆ.

"ಏನಿಲ್ಲ," ಎಂದ ವಿಶ್ವನಾಥಯ್ಯ.

ಹಿಂದೆ ಒಂದು ಕಾರು, ಮುಂದೆ ಒಂದು ಕಾರು, ಪಕ್ಕದಲ್ಲಿ ಕೆಳಗೆ ರಸ್ತೆ. ಗುರಣ್ಣ ಸ್ಟೂಲು ತರಿಸಿದ. ಅದರ ಮೇಲೆ ಕುಳಿತರೆ ತಿರುಗಿ ಏಳಲಾರೆ ಎಂದು ಅವಳು ಕೂಡಲಿಲ್ಲ. ಬಿಸಿಲು ಅಂಗಡಿಗಳ ಮಾಳಿಗೆ ಇಳಿದು ಫರಸಿಯ ಮೇಲೆ ಬಂತು. ಅವಳ ಆ ಕಾಲು ಸೀರೆಯ ಒಳಗೆ ಸಣ್ಣಗೆ ನಡುಗತೊಡಗಿತ್ತು. ನೆರಿಗೆಗಳು ಅಲ್ಲಾಡುವುದು ಕಾಣುತ್ತಿತ್ತು. ವಿಶ್ವನಾಥಯ್ಯ ಅವಳ ಬೆನ್ನಿನ ಹಿಂದೆ, ಮುಟ್ಟದೆ, ಎರಡೂ ಕೈ ಚಾಚಿಕೊಂಡು ನಿಂತ.